ಐದರ ಭೋಂಗಾ ಮತ್ತು ಚಿಗವ್ವನ ಸ್ಕೂಟಿ

ಆ ಸ್ಕೂಟಿ ಕೆಂಪಗಿತ್ತು ಎಂದು ನನ್ನ ನೆನಪು. ದಿನಚರಿಯಲ್ಲಿ ಬೂದು ಬಣ್ಣ ಎಂದಿದೆ. ಇನ್ನೂ ಕೆಲವು ವಿವರ ತಪ್ಪಿರಬಹುದು. ನನ್ನ ಚಿಕ್ಕಮ್ಮ, ಅಂದರೆ ಚಿಗವ್ವ, ಸ್ಕೂಟಿ ಕಲಿತದ್ದಂತೂ ನಿಜ.

ದಾಂಡೇಲಿಯಿಂದ ಹಳಿಯಾಳದ ಕಡೆಗಿರುವ ಒಂದು ಶಾಲೆಯಲ್ಲಿ ಚಿಗವ್ವ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಬೆಳಗಿನ ಬಸ್ಸು ನಿಂತುಹೋಗಿತ್ತು. ಬೇಸಿಗೆ ರಜೆ ಮುಗಿಯುವುದರೊಳಗೆ ಸ್ಕೂಟಿ ಕಲಿಯದಿದ್ದರೆ ಕೆಲಸ ಬಿಡಬೇಕಿತ್ತು. ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿ ಬಂದಿದ್ದ ನಾನು ಕಲಿಸುತ್ತೇನೆಂದೆ.

ಸರಿಯಾಗಿ ಮಾಡಿದ್ದಕ್ಕೆ ಕೂಡಲೇ ಬಹುಮಾನ ಸಿಕ್ಕರೆ ಕಲಿಕೆ ಗಟ್ಟಿಯಾಗುತ್ತದೆ ಎಂದು ಓದಿದ್ದೆ. ಆದ್ದರಿಂದ ಮೈದಾನದ ಒಂದು ಸುತ್ತಿಗೆ ಒಂದು ಶಾಬಾಶ್, ಒಂದು ಪೆಪ್ಪರಮಿಂಟು.

"ನಾ ಏನ್ ಬಾಲವಾಡಿ ಹುಡುಗಿ ಏನವಾ?" ಎನ್ನುತ್ತಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಸಂಜೆ ಐದರವರೆಗೆ ಎಲ್ಲ ಸರಿ. ಕಾಗದದ ಕಾರ್ಖಾನೆಯ ಸೈರನ್ನು, ನಮ್ಮೂರಿನ ಭೋಂಗಾ, ಕೂಗಿದ್ದೇ ತಡ, ಗಕ್ಕನೆ ಬ್ರೇಕ್ ಹಿಡಿದು ಕಾಲು ಊರುತ್ತಿದ್ದಳು. ಎರಡು ಸಲ ಬಿದ್ದಳು. ಅವಳ ಗಂಡ, ನನ್ನ ಕಾಕಾ, ಅಲ್ಲಿ ಪಾಳಿ ಮುಗಿಸಿ ಬರುವ ಹೊತ್ತಾಯಿತೆಂದು ಆ ಕೂಗಿಗೆ ವರ್ಷಗಟ್ಟಲೆ ಚಹಾಕ್ಕೆ ನೀರಿಟ್ಟ ಕೈ ಅದು. ಕಾಕಾ ನಿವೃತ್ತರಾದದ್ದು ಕೈಗೆ ತಿಳಿದಿರಲಿಲ್ಲ.

ಗಂಟೆ ಕೇಳಿ ಜೊಲ್ಲು ಸುರಿಸುವ ನಾಯಿಯ ಪ್ರಯೋಗವನ್ನು ವಿವರಿಸಿದೆ.

"ನನಗ ನಾಯಿ ಅಂತೀ? ಭೋಂಗಾ ಕೇಳಿದ್ರ ಬಾಯಾಗ ನೀರು ಬರೂದು ನಿನ್ನ ಕಾಕಾಗ!" ಎಂದು ನಕ್ಕಳು. ಆಮೇಲೆ ಮೊಣಕಾಲು ಒರೆಸಿಕೊಳ್ಳುತ್ತ, "ಮುಂಜಾನಿ ಎಂಟಕ್ಕೂ ಕೂಗತೈತಿ. ರಸ್ತಾದಾಗ ಹಿಂಗ ನಿಂತ್ರ ಹಿಂದಿನ ಲಾರಿ ಬಿಡ್ತೈತೇನು?" ಎಂದಳು.

ಭೋಂಗಾಕ್ಕೂ ಚಹಾಕ್ಕೂ ಇರುವ ನಂಟು ಕಡಿಯಬೇಕು ಎಂದು ಲೆಕ್ಕ ಹಾಕಿದೆ. ಇನ್ನು ಐದರ ಚಹಾ ನೀವೇ ಮಾಡಿಕೊಳ್ಳಿ ಎಂದು ಕಾಕಾನಿಗೆ ಹೇಳಿದೆ. ವಾರದೊಳಗೆ ಭೋಂಗಾ ಕೂಗಿದರೂ ಸ್ಕೂಟಿ ನಿಲ್ಲಲಿಲ್ಲ. 'ಸಿದ್ಧಾಂತ ಗೆದ್ದಿತು' ಎಂದು ಬರೆದುಕೊಂಡೆ. ಆ ಪುಟ ಈಗಲೂ ಇದೆ, ಓದಿದರೆ ನಾಚಿಕೆಯಾಗುತ್ತದೆ.

ಶಾಲೆ ಶುರುವಾದ ದಿನ, ಚಹಾ ಮಾಡೋದು ರೂಢಿಯಾಯಿತೇ ಎಂದು ಕಾಕಾನನ್ನು ಕೇಳಿದೆ.

"ನಾ ಎಲ್ಲಿ ಮಾಡೀನಿ? ಆಕಿನ ನಾಕಕ್ಕ ಮಾಡಿ ಫ್ಲಾಸ್ಕಿಗೆ ಹಾಕಿಟ್ಟು ಹೋಗ್ತಿದ್ಲಲ್ಲ!"

ಅಂಗಳಕ್ಕೆ ಓಡಿದೆ. ಚಿಗವ್ವ ಹೆಲ್ಮೆಟ್ ಹಾಕಿಕೊಂಡು ಸ್ಕೂಟಿ ಚಾಲೂ ಮಾಡಿದ್ದಳು. ನಾನು ಕೇಳಿದ ಪ್ರಶ್ನೆಗೆ ಕಣ್ಣು ಮಿಟುಕಿಸಿ ಹೊರಟೇಬಿಟ್ಟಳು. ಎಂಟರ ಭೋಂಗಾ ಕೂಗಿತು. ಸ್ಕೂಟಿ ನಿಲ್ಲದೆ ತಿರುವು ದಾಟಿತು. ಆಮೇಲೂ ಎಷ್ಟೋ ಸಲ ಅದನ್ನೇ ಕೇಳಿದ್ದೇನೆ:

"ಚಿಗವ್ವಾ, ಚಹಾ ಮೊದಲ ಮಾಡಿಟ್ರ ಕೈ ಸುಮ್ಮನಾಗತೈತಿ ಅಂತ ನಿನಗ ಹೆಂಗ ಹೊಳೀತು?"