ಲಿಂಗಮ್ಮನ ಬಾವಿಯ ದೀಪ

ಅಜ್ಜಂಪುರದಲ್ಲಿ ನನ್ನ ಟೈಲರ್ ಅಂಗಡಿಯ ಪಕ್ಕದಲ್ಲೇ ರೇವಣಪ್ಪನ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತುವುದು ಅವನ ಹೊಟ್ಟೆಪಾಡು. ಜೀವ ಇದ್ದದ್ದು ಮಾತ್ರ ದೆವ್ವಗಳ ಮೇಲೆ. ಹಿಡಿಯುವುದಲ್ಲ, ಬಿಡಿಸುವುದೂ ಅಲ್ಲ. ದೆವ್ವ ಇದೆ ಎಂದವರ ಮನೆಗೆ ಹೋಗಿ ಕೂತು, ಅದು ನಿಜವಾಗಿ ಏನೆಂದು ಪತ್ತೆ ಮಾಡಿ, ಪುಸ್ತಕ ಬರೆಯುವುದು. ಮಂತ್ರವಾದಿಗಳಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿ. ನನಗೂ ಒಮ್ಮೊಮ್ಮೆ ರೇಗುತ್ತಿತ್ತು. ನನ್ನ ಅಂಗಡಿಗೆ ಬಟ್ಟೆ ಕೊಡಲು ಬಂದವರನ್ನೂ ಕರೆದು ಕೂರಿಸಿ ದೆವ್ವದ ಪಾಠ ಶುರು ಮಾಡುತ್ತಿದ್ದ.

ಶಿವನಿ ಸ್ಟೇಷನ್ ಹತ್ತಿರದ ಮನೆಯೊಂದರಲ್ಲಿ ಪಾತ್ರೆಗಳು ತಾವಾಗಿ ಅಲುಗುತ್ತಿದ್ದವು. ರೇವಣಪ್ಪ ನೆಲದ ಮೇಲೆ ತಟ್ಟೆಯಲ್ಲಿ ನೀರಿಟ್ಟು ಕಾದ. ಗೂಡ್ಸ್ ರೈಲಿನ ಸದ್ದು ಕಿವಿಗೆ ಬೀಳುವ ಮುಂಚೆಯೇ ನೀರು ನಡುಗಿತು. ಎಮ್ಮೆದೊಡ್ಡಿ ಹುಲ್ಲುಗಾವಲಿನ ಅಂಚಿನಲ್ಲಿ ಅಳುತ್ತಿದ್ದ ಹೆಂಗಸು ಕೊನೆಗೆ ನವಿಲು ಎಂದಾಯಿತು. ಇಂಥವನ್ನೆಲ್ಲ ತರೀಕೆರೆಯ ದಾವೂದ್ ಸಾಬರ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ಕಡೂರು ಬಸ್‌ಸ್ಟ್ಯಾಂಡಿನಲ್ಲಿ ತಾನೇ ನಿಂತು ಮಾರುತ್ತಿದ್ದ. ಜನ ದೆವ್ವದ ಕಥೆ ಎಂದು ಕೊಂಡು, ದೆವ್ವ ಇಲ್ಲ ಎಂದು ಓದಿ ಬೈದುಕೊಳ್ಳುತ್ತಿದ್ದರು.

ಹೋದ ವರ್ಷ ಅಂತರಘಟ್ಟೆ ಕಡೆಯ ಲಿಂಗಮ್ಮ ಅವನನ್ನು ಕರೆಸಿದರು. ಅವರ ತೆಂಗಿನ ತೋಟದಲ್ಲಿ ಒಂದು ಹಳೇ ಬಾವಿ. ನೀರು ಬತ್ತಿದಾಗ ಅದರ ತಳದಲ್ಲೇ ಬೋರ್ ಕೊರೆಸಿದ್ದರು, ಅದೂ ಬತ್ತಿತು. ಮೇಲೆ ಚಪ್ಪಡಿ ಹಾಸಿದ್ದರೂ ಮಧ್ಯಾಹ್ನವಾದರೆ ಸಾಕು, ಸಂದಿಯಿಂದ ಯಾರೋ ಹೆಂಗಸು ನರಳಿದಂಥ ಸದ್ದು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಾವಿಗೆ ಯಾರಾದರೂ ಇಳಿಯಬೇಕಾದರೆ ಮೊದಲು ಬುಟ್ಟಿಯಲ್ಲಿ ದೀಪ ಇಳಿಬಿಡಬೇಕು. ದೀಪ ಆರಿದರೆ ಒಳಗಿರುವವಳಿಗೆ ಇಷ್ಟವಿಲ್ಲ ಎಂದರ್ಥ, ಯಾರೂ ಇಳಿಯುವಂತಿಲ್ಲ. ಲಿಂಗಮ್ಮನ ಮಗ ಧರ್ಮೇಶನಿಗೆ ಆ ಬಾವಿಯ ಹೂಳು ತೆಗೆದು ಮಳೆ ನೀರು ಇಂಗಿಸುವ ಆಸೆ.

ನಾನೂ ಜೊತೆಗೆ ಹೋಗಿದ್ದೆ. ನನ್ನ ಅಂಗಡಿಯ ಲೈನಿಂಗ್ ಬಟ್ಟೆಯ ಒಂದು ಪಟ್ಟಿಯನ್ನು ರೇವಣಪ್ಪ ಚಪ್ಪಡಿ ಸಂದಿಗೆ ಕಟ್ಟಿದ. ಬೆಳಿಗ್ಗೆ ಅದು ಒಳಕ್ಕೆ ಜಗ್ಗಿತು. ಮಧ್ಯಾಹ್ನ ಹೊರಕ್ಕೆ ಪಟಪಟ ಹಾರಿತು.

"ಬಾವಿ ಉಸಿರಾಡ್ತೈತೆ ಕಣ್ರೀ," ಎಂದ ರೇವಣಪ್ಪ. "ಬೆಳಿಗ್ಗೆ ಎಳ್ಕೊಳ್ತದೆ, ಮಧ್ಯಾಹ್ನ ಬಿಡ್ತದೆ. ಬೋರ್ ತೂತು ಭೂಮಿ ಒಳಗಿನ ಪೊಳ್ಳಿಗೆ ಸೇರ್ಕೊಂಡೈತೆ, ಅಷ್ಟೇ."

ಲಿಂಗಮ್ಮ ಆಗಲೇ ಚಪ್ಪಡಿ ಸರಿಸಿಸಿ ದೀಪ ಇಳಿಬಿಟ್ಟರು. ಅರ್ಧ ದಾರಿಯಲ್ಲೇ ಆರಿತು.

"ನೋಡಪ್ಪ, ಬೇಡ ಅಂದ್ಲು."

"ಗಾಳಿ ಬೀಸೋ ಕಡೆ ದೀಪ ಆರದೆ ಇರ್ತದಾ ಲಿಂಗಮ್ಮ?" ಎಂದು ರೇವಣಪ್ಪ ನಕ್ಕ. ಧರ್ಮೇಶನೂ ನಕ್ಕ. ಆದರೆ ಗಾಳಿಗೆ ಆರುವ ದೀಪ ಹೊಯ್ದಾಡುತ್ತದೆ. ಅದು ಹೊಯ್ದಾಡಲೇ ಇಲ್ಲ. ಸುಮ್ಮನೆ ಚಿಕ್ಕದಾಗುತ್ತ ಹೋಗಿ ಇಲ್ಲವಾಯಿತು.

ಮರುದಿನ ಬೆಳಿಗ್ಗೆ ರೇವಣಪ್ಪ ಹಗ್ಗ ಕಟ್ಟಿಕೊಂಡು ತಾನೇ ಇಳಿದ. ತಳ ಮುಟ್ಟಿ, ಒಂದು ಹಿಡಿ ಹೂಳು ತಂದು ಲಿಂಗಮ್ಮನಿಗೆ ತೋರಿಸಿದ. ಅವರು ಬುಟ್ಟಿ, ದೀಪ ಎರಡನ್ನೂ ಅಟ್ಟಕ್ಕೆ ಹಾಕಿದರು. ಹೊಸ ಪುಸ್ತಕದಲ್ಲಿ ಆ ಬಾವಿಯದೇ ದೊಡ್ಡ ಅಧ್ಯಾಯ. ಈ ಭಾಗದ ಯಾವ ಬತ್ತಿದ ಬಾವಿಗೂ ಯಾವ ಹೊತ್ತಿನಲ್ಲಾದರೂ ಧೈರ್ಯವಾಗಿ ಇಳಿಯಬಹುದು ಎಂದು ಕೊನೆಯಲ್ಲಿ ಬರೆದಿದ್ದ. ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು.

ಈ ಸಲದ ಮಳೆಗೆ ಮುಂಚೆ ಧರ್ಮೇಶ ಮಧ್ಯಾಹ್ನದ ಊಟ ಮುಗಿಸಿ ಬಾವಿಗೆ ಇಳಿದ. ಮೇಲಿನಿಂದ ಎಷ್ಟು ಕೂಗಿದರೂ ಮಾತಿಲ್ಲ. ಅಗ್ನಿಶಾಮಕ ದಳದವರು ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿಕೊಂಡು ಇಳಿದು ಹೆಣ ಎತ್ತಿದರು. ಬೆಳಿಗ್ಗೆ ಬಾವಿ ಒಳ್ಳೆ ಗಾಳಿ ಎಳೆದುಕೊಳ್ಳುತ್ತದೆ, ಏನೂ ಆಗುವುದಿಲ್ಲ. ಮಧ್ಯಾಹ್ನ ಅದು ಬಿಡುವುದು ಭೂಮಿಯೊಳಗಿನ ವಿಷಗಾಳಿ ಎಂದು ಅವರಲ್ಲೊಬ್ಬ ವಿವರಿಸಿದ. ಆಮೇಲೆ ಕೇಳಿದ, "ಒಂದು ದೀಪ ಬಿಟ್ಟು ನೋಡ್ಬಾರ್ದಿತ್ತಾ?"

ರೇವಣಪ್ಪ ಅಲ್ಲೇ ನಿಂತಿದ್ದ. ಲಿಂಗಮ್ಮ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ನೀನು ಇಳಿದು ಬಂದಿದ್ ನೋಡಿ ದೀಪ ಎತ್ತಿಟ್ಟೆ ಕಣಪ್ಪ," ಎಂದರು.

ಈಗ ಅವನ ಅಂಗಡಿಗೆ ಬೀಗ. ರೇವಣಪ್ಪ ಊರೂರು ತಿರುಗಿ ತನ್ನ ಪುಸ್ತಕವನ್ನು ವಾಪಸ್ ಕೇಳುತ್ತಾನೆ. ಕಡೂರಿನಿಂದ ಅಜ್ಜಂಪುರದವರೆಗೆ ಬತ್ತಿದ ಬಾವಿಗಳಿಗೆ ಲೆಕ್ಕವಿಲ್ಲ. ಬಾವಿಯ ದೆವ್ವ ಅವನನ್ನು ಹಿಡಿದಿದೆ ಎಂದು ಜನ ಆಡಿಕೊಳ್ಳುತ್ತಾರೆ; ಕೇಳಿದರೆ ನನಗೆ ಕೆಂಡದಂಥ ಕೋಪ ಬರುತ್ತದೆ. ಸ್ಕೂಟರಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ.

ಮೊನ್ನೆ ಮಧ್ಯಾಹ್ನ ಎಮ್ಮೆದೊಡ್ಡಿ ಹತ್ತಿರ ದುಷ್ಯಂತ್ ಎಂಬ ಹುಡುಗ ಪುಸ್ತಕ ಓದಿಯೇ ಬಾವಿ ಚಪ್ಪಡಿ ಸರಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ. ಪಕ್ಕದಲ್ಲಿ ಅವನ ತಾಯಿ. ರೇವಣಪ್ಪ ವಿಷಗಾಳಿ ಎಂದ, ಧರ್ಮೇಶನ ಸಾವು ಹೇಳಿದ, ಕೈ ಮುಗಿದ.

"ನೀವೇ ಇಳಿದು ಬಂದಿದೀರಲ್ಲ ಸಾರ್. ಬರೆದಿದೀರಲ್ಲ," ಎಂದು ಹುಡುಗ ಗಂಟು ಬಿಗಿದ.

ರೇವಣಪ್ಪ ಬಾವಿಕಟ್ಟೆಯ ಮೇಲೆ ಮಲಗಿ ಕಿವಿಗೊಟ್ಟ. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವನ ಮುಖ ಬಿಳಚಿಕೊಂಡಿತ್ತು.

"ಒಳಗೆ ಯಾರೋ ಅವ್ರೆ. ನನ್ ಹೆಸರು ಹಿಡಿದು ಕರೀತಾವ್ರೆ. ದೀಪ ಬಿಟ್ಟು ಕೇಳಿ. ಆರಿದ್ರೆ ಇಳೀಬೇಡ."

ತಾಯಿ ಮಗನ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡರು. ದೀಪ ತಂದು ಬಿಟ್ಟರು. ಅದು ಆರಿತು. ಹುಡುಗ ಹಗ್ಗ ಬಿಚ್ಚಿದ.

ವಾಪಸ್ ಬರುವಾಗ ನನಗೆ ಎದೆ ಹಗುರವಾಗಿತ್ತು. "ಒಳ್ಳೇ ಸುಳ್ಳು ಹೇಳ್ದೆ ಬಿಡೋ," ಎಂದೆ.

ಹಿಂದೆ ಕೂತವನು ನನ್ನ ಕಿವಿಯ ಹತ್ತಿರಕ್ಕೆ ಬಾಗಿದ.

"ಸುಳ್ಳಲ್ಲ ಕಣೋ," ಎಂದ. "ಅದು ಧರ್ಮೇಶನ ದನಿ."