ಸಮುದ್ರವೋ, ದ್ವೀಪವೋ

ಕ್ವಾಲಾಲಂಪುರದಿಂದ ಹೊರಟ ವಿಮಾನ ನಾಪತ್ತೆಯಾದ ವರ್ಷ, ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಊಟದ ಹೊತ್ತೆಂದರೆ ಜಗಳದ ಹೊತ್ತು. ಅನ್ನಕ್ಕೆ ಸಾರು ಬೀಳುವ ಮೊದಲೇ ಟಿ.ವಿ. ಶುರುವಾಗುತ್ತಿತ್ತು. ನನ್ನ ಗಂಡ ಸಮುದ್ರದ ಪಕ್ಷ, ಅತ್ತೆ ದ್ವೀಪದ ಪಕ್ಷ.

"ಇಂಧನ ಮುಗಿದ ಮೇಲೆ ಎಲ್ಲಿಗೆ ಹೋಗ್ತದೆ ಅಮ್ಮ? ಸಮುದ್ರಕ್ಕೇ."

"ನೀನು ಹೋಗಿ ನೋಡಿದ್ಯಾ? ಯಾರೋ ಹೆದರಿಸಿ ಎಂತದೋ ದ್ವೀಪದಲ್ಲಿ ಇಳಿಸಿರ್ತಾರೆ. ಜನ ಬದುಕಿದ್ದಾರೆ."

ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ವಿಮಾನದ ವಾದವಷ್ಟೇ ಆಗಿದ್ದರೆ ನಾನೂ ನಕ್ಕು ಒಂದು ಪಕ್ಷ ಸೇರುತ್ತಿದ್ದೆ. ಆದರೆ ಭಾವ, ಅಂದರೆ ನನ್ನ ಗಂಡನ ಅಣ್ಣ, ಕೆಲವು ವರ್ಷಗಳ ಹಿಂದೆ ಕಾಣೆಯಾಗಿದ್ದರು. ಘೋಡಬಂದರ್ ರಸ್ತೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು, ಒಂದು ಬೆಳಿಗ್ಗೆ ತಿಂಡಿ ತಿಂದು ಹೊರಟು, ಹೋಟೆಲಿಗೂ ಮುಟ್ಟಲಿಲ್ಲ, ಮನೆಗೂ ಬರಲಿಲ್ಲ. ಲೋಕಲ್ ರೈಲಿನ ಬಾಗಿಲಿಂದ ಮುಂಬ್ರಾದ ಖಾಡಿಯ ನೀರಿಗೆ ಬಿದ್ದಿರಬೇಕು ಎಂದು ನನ್ನ ಗಂಡನ ಲೆಕ್ಕ. ಎಲ್ಲೋ ಇದ್ದಾನೆ ಎಂದು ಅತ್ತೆಯ ಹಟ.

ನಮ್ಮವರು ಪಕ್ಕದ ಕಲ್ಯಾಣ್ ಊರಿಗೆ ಹೋಗಿ ಪುರೋಹಿತರನ್ನೂ ಕೇಳಿ ಬಂದಿದ್ದರು. ದೇಹ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ ಸಂಸ್ಕಾರ ಮಾಡಬಹುದಂತೆ. ಅದು ಮುಗಿದರೆ ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವಳು, ವಿಧವೆ. ವಿಮಾನ ಸಮುದ್ರಕ್ಕೆ ಬಿದ್ದರೆ ಅಕ್ಕನ ಕರಿಮಣಿ ಹೋಗುತ್ತಿತ್ತು, ದ್ವೀಪದಲ್ಲಿ ಇಳಿದರೆ ಉಳಿಯುತ್ತಿತ್ತು. ಅಕ್ಕ ಇಬ್ಬರಿಗೂ ಬಡಿಸುತ್ತಿದ್ದಳು. ಅವಳನ್ನೊಂದು ಮಾತು ಕೇಳೋಣ ಎಂದು ಯಾರಿಗೂ ತೋಚಲಿಲ್ಲವಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ವಿಮಾನ ಸಮುದ್ರದಲ್ಲೇ ಕೊನೆಗೊಂಡಿತು ಎಂದು ಮಲೇಷ್ಯಾ ಸರ್ಕಾರದವರು ಟಿ.ವಿ.ಯಲ್ಲಿ ಹೇಳಿದ ದಿನ, ಪ್ರಯಾಣಿಕರ ಮನೆಯವರು ನೆಲಕ್ಕೆ ಬಿದ್ದು ಅಳುತ್ತಿದ್ದರು. ನಮ್ಮವರ ಬಾಯಿ ಸುಮ್ಮನಿರಲಿಲ್ಲ.

"ನಾನು ಹೇಳ್ಲಿಲ್ವಾ?"

ಅತ್ತೆ ತಟ್ಟೆ ದೂಡಿದರು. ಅಕ್ಕ ಸಾರಿನ ಪಾತ್ರೆ ಕೆಳಗಿಟ್ಟಳು.

"ಒಂದು ತುಂಡಾದ್ರೂ ಸಿಕ್ಕಿತಾ?" ಎಂದು ಮೈದುನನನ್ನು ಕೇಳಿದಳು.

"ಇಲ್ಲ ಅತ್ತಿಗೆ. ಲೆಕ್ಕ ಹಾಕಿ ಹೇಳಿದ್ದು."

"ಹಾಗೆ ಲೆಕ್ಕ ಹಾಕಿಯೇ ನನ್ನ ಕರಿಮಣಿ ತೆಗೆಸ್ತೀರಾ?"

ಅತ್ತೆಯ ಮುಖ ಅರಳಿತು. ಅಕ್ಕ ಅವರತ್ತಲೂ ತಿರುಗಿದಳು.

"ನೀವೂ ಖುಷಿಪಡ್ಬೇಡಿ ಅತ್ತೆ. ಬದುಕಿದ್ದೂ ಇಷ್ಟು ವರ್ಷ ನನಗೊಂದು ಫೋನ್ ಮಾಡದವರು ಅಂತಾದ್ರೆ, ಅದಕ್ಕಿಂತ ನನಗೆ ಸಮುದ್ರವೇ ಆಗ್ಬಹುದು."

ಟಿ.ವಿ. ಆರಿಸಿದ್ದು ನಾನೇ. ಅತ್ತೆಯ ದ್ವೀಪವೂ ಅಕ್ಕನನ್ನು ಅಷ್ಟೇ ಚುಚ್ಚುತ್ತಿತ್ತು ಎಂದು ಒಂದೇ ಒಲೆಯ ಮುಂದೆ ನಿಂತಿರುತ್ತಿದ್ದ ನನಗೂ ಹೊಳೆದಿರಲಿಲ್ಲ.

ಚೈತ್ರ ಬಂತು. ಕೆಳಗಿನ ಮಹಡಿಗೆ ಹೊಸದಾಗಿ ಬಂದಿದ್ದ ಮರಾಠಿ ಹೆಂಗಸು, ಎಲ್ಲರೂ ವಹಿನಿ ಎಂದು ಕರೆಯುತ್ತಿದ್ದವರು, ಚೈತ್ರಗೌರಿಯ ಅರಿಶಿನ-ಕುಂಕುಮಕ್ಕೆ ನಮ್ಮಿಬ್ಬರನ್ನೂ ಕರೆದರು. ಹಿಂದಿನ ವರ್ಷ ಬೇರೊಂದು ಮನೆಯಲ್ಲಿ ಕುಂಕುಮದ ಬಟ್ಟಲು ಅಕ್ಕನನ್ನು ದಾಟಿ ನನ್ನ ಹತ್ತಿರ ಬಂದಿತ್ತು. ಅಲ್ಲಿಂದೀಚೆಗೆ ಅವಳು ಎಲ್ಲಿಗೂ ಹೋಗಿರಲಿಲ್ಲ. ಈ ಸಲ ನಾನು ಸೀರೆ ಉಡುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಗೌರಿಯ ಮುಂದೆ ಮಾವಿನಕಾಯಿ ಪಾನಕದ ಪನ್ಹೆ, ಮಾವಿನಕಾಯಿ ಬೆರೆಸಿದ ಕಡಲೆಬೇಳೆಯ ಆಂಬೆ ಡಾಳ್, ನೆನೆಸಿದ ಕಡಲೆ. ನಮ್ಮ ಬಿಲ್ಡಿಂಗಿನ ಹೆಂಗಸರೆಲ್ಲ ಇದ್ದರು. ವಹಿನಿ ಬಟ್ಟಲು ಹಿಡಿದು ಅಕ್ಕನ ಮುಂದೆ ಬಂದು, ಬೆರಳಿಗೆ ಕುಂಕುಮ ಅದ್ದಿ, ಉಪಚಾರಕ್ಕೆಂದು ಕೇಳಿದರು.

"ತುಮಚೇ ಮಿಸ್ಟರ್ ಕುಠೇ ಅಸತಾತ್?"

ಗಂಡ ಎಲ್ಲಿರುತ್ತಾರೆ ಎಂದು. ಸಂಗತಿ ಗೊತ್ತಿದ್ದವರೆಲ್ಲ ನಮ್ಮತ್ತ ತಿರುಗಿದರು. ಗಲ್ಫಿನಲ್ಲಿದ್ದಾರೆ ಎಂದು ಸುಳ್ಳು ಹೇಳಿಬಿಡಲು ನಾನು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಗಟ್ಟಿಯಾಗಿ ಅದುಮಿದಳು.

"ಮಾಹೀತ್ ನಾಹೀ," ಎಂದಳು. ಗೊತ್ತಿಲ್ಲ.

ಅಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಬ್ಬರೂ ಆಡಿರದ ಮಾತು ಅದು. ವಹಿನಿಯ ಬೆರಳು ಗಾಳಿಯಲ್ಲೇ ನಿಂತಿತು. ಅಕ್ಕ ಹಣೆಯನ್ನು ಇನ್ನಷ್ಟು ಮುಂದೆ ತಂದು, ಅವರು ಹಚ್ಚುವವರೆಗೂ ಹಾಗೆಯೇ ಹಿಡಿದಿದ್ದಳು.