ತೂಕದ ಯಂತ್ರ ಏರಿದ ಗಂಡ

ನನಗೆ ಪೈಲಟ್ ಲೈಸೆನ್ಸ್ ಬಂದದ್ದೇ ತಡ, ನನ್ನ ಗಂಡನಿಗೆ ಶನಿವಾರಗಳಂದು ವಿಪರೀತ ಕೆಲಸ ಶುರುವಾಯಿತು. ಒಂದು ಶನಿವಾರ ಕಾರಿನ ಆಯಿಲ್ ಬದಲಿಸಬೇಕು, ಇನ್ನೊಂದು ಶನಿವಾರ ಸೌತ್ ಲೇಕ್ ಯೂನಿಯನ್ ಬಡಾವಣೆಯಲ್ಲಿರುವ ಅವನ ಆಫೀಸಿನಲ್ಲಿ ಏನೋ ಕೆಟ್ಟು ನಿಂತಿದೆ, ಮತ್ತೊಂದು ಶನಿವಾರ ಹಲ್ಲುನೋವು. ನಾನು ಕಲಿಯುತ್ತಿದ್ದಷ್ಟು ಕಾಲ ಇದೇ ಮನುಷ್ಯ ನನ್ನನ್ನು ವಿಮಾನ ಕಲಿಸುವ ಕ್ಲಬ್ಬಿಗೆ ಬಿಟ್ಟು, ವಾಪಸ್ ಕರೆತಂದು, ಸಾರು ಮಾಡಿಟ್ಟು, ಪರೀಕ್ಷೆಗೆ ಪ್ರಶ್ನೆ ಕೇಳಿ ಓದಿಸಿದ್ದ. ಈಗ ಪಕ್ಕದಲ್ಲಿ ಕೂತು ಒಂದು ಸುತ್ತು ಬಾ ಅಂದರೆ ಮಾತ್ರ ಹಲ್ಲುನೋವು. ನನ್ನ ಮೇಲೆ ಇವನಿಗೆ ನಂಬಿಕೆಯೇ ಇಲ್ಲ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವನನ್ನು ಕೂರಿಸಿಕೊಂಡು ಹಾರದ ಹೊರತು ಆ ಲೈಸೆನ್ಸಿನಿಂದ ನನಗೆ ಏನೂ ಸುಖವಿರಲಿಲ್ಲ.

ಆ ಬೇಸಿಗೆಯಲ್ಲಿ ಧಾರವಾಡದಿಂದ ಅತ್ತೆ ಸಮುದ್ರ ದಾಟಿ ನಮ್ಮಲ್ಲಿಗೆ ಬಂದರು. ಸೊಸೆ ವಿಮಾನ ಓಡಿಸುವುದನ್ನು ಕಣ್ಣಾರೆ ನೋಡಬೇಕು, ಮೂವರೂ ಹೋಗೋಣ ಅಂದರು. ಅಮ್ಮನ ಮುಂದೆ ಹಲ್ಲುನೋವಿನ ಆಟ ನಡೆಯಲಿಲ್ಲ.

ಕ್ಲಬ್ಬಿನ ವಿಮಾನ ಹತ್ತಾರು ಜನ ಬಾಡಿಗೆಗೆ ಒಯ್ಯುವ ವಿಮಾನ, ಹಾಗಾಗಿ ಅದನ್ನು ಸುಮ್ಮನೆ ಹತ್ತಿ ಹೊರಡುವಂತಿಲ್ಲ. ಮೊದಲು ಡಿಸ್ಪ್ಯಾಚ್ ಮೇಜಿನ ಮುಂದೆ ನಿಲ್ಲಬೇಕು. ಅಲ್ಲಿ ಕೂತಿರುವ ಹೆಂಗಸು ಲೈಸೆನ್ಸ್ ನೋಡುತ್ತಾರೆ, ಹವಾಮಾನ ನೋಡಿದೆಯಾ ಅನ್ನುತ್ತಾರೆ, ಹಿಂದಿನವರು ವಿಮಾನದ ಬಗ್ಗೆ ಏನಾದರೂ ದೂರು ಬರೆದಿದ್ದರೆ ಓದಿಸುತ್ತಾರೆ. ಕೊನೆಗೆ ಎಲ್ಲರ ತೂಕ ಕೇಳುತ್ತಾರೆ. ಸೀಟು ನಾಲ್ಕಿದ್ದರೂ ಹೊರುವ ಭಾರಕ್ಕೆ ಮಿತಿಯಿದೆ. ಲೆಕ್ಕ ಸರಿಯಾದರೆ ಮಾತ್ರ ಕೀಲಿ ಕೈಗೆ ಸಿಗುತ್ತದೆ.

ಅತ್ತೆಯ ತೂಕ ಕೇಳುವುದು ಹೇಗೆಂದು ನಾನು ವಾರವಿಡೀ ಒದ್ದಾಡಿದ್ದೆ. ಮೈಸೂರಿನ ನಮ್ಮ ಮನೆಯಲ್ಲಿ ಹಿರಿಯರ ವಯಸ್ಸು ಕೇಳಿದರೇ ಬೈಗುಳ ಬೀಳುತ್ತಿತ್ತು, ಇನ್ನು ತೂಕ. ಆದರೆ ಅತ್ತೆ ಮೇಜಿನ ಪಕ್ಕದ ತೂಕದ ಯಂತ್ರವನ್ನು ಕಂಡದ್ದೇ, ದೇವಸ್ಥಾನದ ಬಾಗಿಲಲ್ಲಿ ಬಿಡುವ ಹಾಗೆ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ ಹತ್ತಿ ನಿಂತರು. ತಾವು ತಂದಿದ್ದ ಅವಲಕ್ಕಿ, ಚಪಾತಿ, ಶೇಂಗಾ ಚಟ್ನಿಯ ಚೀಲವನ್ನೂ ಅದರ ಮೇಲಿಟ್ಟು ತೂಗಿಸಿದರು. ನಾನು ನಿರಾಳವಾಗಿ ಉಸಿರುಬಿಟ್ಟೆ.

ಗಂಡ ಮಾತ್ರ ತನ್ನ ತೂಕವನ್ನು ಬಾಯಲ್ಲೇ ಹೇಳಿದ. ಮೇಜಿನ ಹೆಂಗಸು ಕನ್ನಡಕದ ಮೇಲಿನಿಂದ ಅವನನ್ನೊಮ್ಮೆ ನೋಡಿ, ತುಂಬ ಮರ್ಯಾದೆಯಿಂದ ಯಂತ್ರದ ಕಡೆ ಬೆರಳು ತೋರಿಸಿದರು. ಅವನು ಹೇಳಿದ್ದು ನಮ್ಮ ಮದುವೆಯ ಕಾಲದ ತೂಕ. ಆಮೇಲೆ ತಿಂದ ಹೋಳಿಗೆಗಳೆಲ್ಲ ಯಂತ್ರದಲ್ಲಿ ಒಟ್ಟಿಗೆ ಕಾಣಿಸಿಕೊಂಡವು. ಹಾರಿ ಬಂದವರು ಟ್ಯಾಂಕ್ ತುಂಬಿಸಿಟ್ಟು ಹೋಗುವುದು ನಮ್ಮ ಕ್ಲಬ್ಬಿನ ಪದ್ಧತಿಯಾದ್ದರಿಂದ ಇಂಧನವೂ ಭರ್ತಿಯಿತ್ತು. ಮೂವರನ್ನು ಕಳಿಸಲಾರೆ, ಒಬ್ಬರು ಉಳಿಯಬೇಕು ಅಂದರು ಆಕೆ.

ಗಂಡನ ಮುಖದಲ್ಲಿ ದೀಪಾವಳಿ. ತಾನೇ ಉಳಿಯುತ್ತೇನೆ, ಪಾಪ ಅಮ್ಮ ಹೋಗಿ ಬರಲಿ ಅಂತ ತ್ಯಾಗಮೂರ್ತಿಯ ಹಾಗೆ ಚೀಲ ಇಸಿದುಕೊಂಡು ಬೆಂಚಿನಲ್ಲಿ ಕೂತ. ನನಗೆ ಅಲ್ಲೇ ನಾಲ್ಕು ಮಾತು ಆಡಬೇಕೆನಿಸಿತು. ಅತ್ತೆ ಆಗಲೇ ಬಾಗಿಲು ದಾಟಿದ್ದರು.

ಮೇಲೆ ಹೋದ ಮೇಲೆ ಅತ್ತೆ ಕೆಳಗಿದ್ದ ಕೆಂಟ್ ಕಣಿವೆಯ ಗೋದಾಮುಗಳನ್ನು ನೋಡಿ, ಇಷ್ಟೊಂದು ತಗಡಿನ ಮೇಲೆ ಎಷ್ಟು ಹಪ್ಪಳ ಒಣಗಿಸಬಹುದಿತ್ತು ಅಂದರು. ನಾನು ನಕ್ಕ ನಗೆಗೆ ಹೆಡ್‌ಫೋನೇ ಕಿರುಗುಟ್ಟಿತು. ಹಿಮ ಹೊದ್ದ ರೇನಿಯರ್ ಬೆಟ್ಟ ಬಿಳಿಯಾಗಿ ಎದುರು ನಿಂತಾಗ ಅವರು ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

“ಅಂವಗ ಅಂಜಿಕಿ ಅದ. ಸಣ್ಣಾಂವ ಇದ್ದಾಗಿಂದ ಜೋಕಾಲಿ ಕಂಡ್ರ ದೂರ ನಿಲ್ತಿದ್ದ. ನಿನ್ನ ಮುಂದ ಹೇಳಿಲ್ಲೇನು?”

ಹೇಳಿರಲಿಲ್ಲ. ಇಷ್ಟು ತಿಂಗಳು ನಾನು ನುಂಗಿದ ಸಿಟ್ಟೆಲ್ಲ ಒಂದು ಜೋಕಾಲಿಯ ಲೆಕ್ಕಕ್ಕೆ ಹೋಯಿತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿ, ವಿಮಾನವನ್ನು ನಿಲ್ದಾಣದ ಕಡೆ ತಿರುಗಿಸಿದೆ.

ಇಳಿದ ಮೇಲೂ ಮೇಜಿನ ಮುಂದೆ ನಿಲ್ಲಲೇಬೇಕು. ಮೀಟರ್ ಎಷ್ಟು ಓಡಿತು, ವಿಮಾನವನ್ನು ಹಗ್ಗದಿಂದ ನೆಲಕ್ಕೆ ಬಿಗಿದೆಯಾ, ಎಲ್ಲಾದರೂ ಏನಾದರೂ ಸದ್ದು ಬಂತಾ, ಎಲ್ಲ ಒಪ್ಪಿಸಿ ಕೀಲಿ ಕೊಡಬೇಕು. ಟ್ಯಾಂಕ್ ತುಂಬಿಸಲು ಹೇಳುವಷ್ಟರಲ್ಲಿ ಆ ಹೆಂಗಸು ನನ್ನನ್ನು ತಡೆದರು. ಮುಂದಿನ ಬುಕಿಂಗ್ ರದ್ದಾಗಿದೆಯಂತೆ, ವಿಮಾನ ಖಾಲಿಯಿದೆಯಂತೆ. ಒಂದು ಸುತ್ತಿನ ಇಂಧನ ಉರಿದು ವಿಮಾನ ಹಗುರಾಗಿದೆ, ಇನ್ನೊಂದು ಸಣ್ಣ ಸುತ್ತಿಗೆ ಉಳಿದದ್ದು ಧಾರಾಳವಾಗಿ ಸಾಕು, ಈಗ ಮೂವರೂ ಹೋಗಬಹುದು ಅಂದರು.

ಬೆಂಚಿನಲ್ಲಿ ಚಪಾತಿ ಅಗಿಯುತ್ತಿದ್ದ ನನ್ನ ಗಂಡನ ದವಡೆ ನಿಂತಿತು. ಚೀಲ ಅರ್ಧ ಖಾಲಿಯಾಗಿತ್ತು. ಅದು ಹಗುರಾದಷ್ಟು ಇವನು ಭಾರವಾಗಿದ್ದ, ಹಾಗಾಗಿ ಒಟ್ಟು ಲೆಕ್ಕ ಮೊದಲಿನಷ್ಟೇ. ಅತ್ತೆ ಯಂತ್ರದ ಪಕ್ಕ ಹೋಗಿ ನಿಂತರು, ಅಷ್ಟೇ.

ಅವನು ಬೂಟು ಬಿಚ್ಚಿ ಯಂತ್ರ ಹತ್ತಿದ. ಸಂಖ್ಯೆಯನ್ನು ನೋಡದೆ ನನ್ನನ್ನು ನೋಡಿದ.

“ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಕಣೇ. ಭಯ ಆಗತ್ತೆ. ನೀನು ಅಷ್ಟು ಖುಷಿಯಾಗಿದ್ದೆ, ಹೇಗೆ ಹೇಳ್ಲಿ?”

ನನಗೆ ಅವನನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು. ಅತ್ತೆ ಎದುರಿಗಿದ್ದರು. ಬೇಡ ಅನಿಸಿದರೆ ಇವತ್ತು ಬೇಡ, ನನಗೆ ಬೇಜಾರಿಲ್ಲ ಅಂದೆ. ನಿಜವಾಗಿಯೂ ಬೇಜಾರಿರಲಿಲ್ಲ. ಅವನು ಯಂತ್ರದಿಂದಿಳಿದು ಬೂಟು ಹಾಕಿಕೊಂಡು, ಬರ್ತೀನಿ ಅಂದ. ಮೇಜಿನ ಹೆಂಗಸು ಲೆಕ್ಕವನ್ನು ಹೊಸದಾಗಿ ಹಾಕಿ ಕೀಲಿಯನ್ನು ಮತ್ತೆ ನನ್ನ ಕೈಗಿಟ್ಟರು.

ಅತ್ತೆ ಹಿಂದಿನ ಸೀಟಿಗೆ ಹೋಗಿ ಮಗನನ್ನು ನನ್ನ ಪಕ್ಕ ಕೂರಿಸಿದರು. ಚಕ್ರ ನೆಲ ಬಿಟ್ಟಾಗ ಅವನು ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದ. ನಿಲ್ದಾಣದ ಆಚೆಯ ಸರೋವರದ ಮೇಲೆ ಬಂದಾಗ ಒಂದು ಕಣ್ಣು ತೆರೆದ. ಕೆಳಗಿನ ನೀರು ನೋಡಿದ, ಪುಟ್ಟ ದೋಣಿಗಳನ್ನು ನೋಡಿದ, ನನ್ನ ಕೈಗಳನ್ನು ಬಹಳ ಹೊತ್ತು ನೋಡಿದ.

“ಇದೆಲ್ಲ ನೀನೇ ಮಾಡ್ತಿದೀಯಾ?” ಅಂದ.

“ಮತ್ತೆ ಇನ್ಯಾರು?” ಅಂದೆ.

ಅವನು ಇನ್ನೊಂದು ಕಣ್ಣನ್ನೂ ತೆರೆದ.